ಯಂತ್ರದ ಹೆಣ್ಣಿನ ಹಲ್ಲು

ಬಾಯಿ ಸುಮ್ಮನಿದ್ದಿದ್ದರೆ ಮೇಣದ ಮಾಮನಿಗೆ ಈ ಪೇಚು ಬರುತ್ತಲೇ ಇರಲಿಲ್ಲ. ಕಟ್ಟುಹಲ್ಲು ತಯಾರಿಸುವ ಸಣ್ಣ ಲ್ಯಾಬಿನಲ್ಲಿ ಪುಟ್ಟ ಚಾಕು ಹಿಡಿದು ಮೇಣದಲ್ಲಿ ಹಲ್ಲು ಕೆತ್ತುವುದು ಅವನ ಕೆಲಸ. ಕೈ ಕೆತ್ತುತ್ತಿದ್ದರೆ ಬಾಯಿ ಇಪ್ಪತ್ತು ವರ್ಷದಿಂದ ಒಂದೇ ರಾಗ ಎಳೆಯುತ್ತಿತ್ತು: ಕಾಲೇಜಿನಲ್ಲಿದ್ದಾಗ ನೋಡಿದ ಜಪಾನಿ ಕಾರ್ಟೂನ್ ಸಿನಿಮಾ. ಮುಂದಿನ ಕಾಲದ ಮಹಾನಗರ, ಮೈಯೆಲ್ಲ ಯಂತ್ರವಾದ ಟ್ಯಾಕ್ಸಿ ಚಾಲಕಿ, ಜನರ ನೆನಪು ಕದಿಯುವ ಕಂಪ್ಯೂಟರು. ಅಂಥ ಸಿನಿಮಾ ಇನ್ನೊಂದು ಹುಟ್ಟಿಲ್ಲವಂತೆ.

ಆ ಬೆಳಿಗ್ಗೆ ಲ್ಯಾಬಿನ ಯಜಮಾನಿ ಹೊಸ ಸುದ್ದಿ ತಂದರು. ಕಟ್ಟುಹಲ್ಲನ್ನು ತಾನೇ ಕೊರೆದು ಮಾಡುವ ಮಿಷನ್ನೊಂದಿದೆ, ತರಿಸಿದರೆ ಹೇಗೆ? ಹಲ್ಲಿಗೆ ಹೊಳಪು ಕೊಡುವ ಪಾಲಿಶ್ ಅಜ್ಜನೂ ಅಚ್ಚು ಹಾಕುವ ಪ್ಲಾಸ್ಟರ್ ಅಕ್ಕನೂ ಮುಖ ಗಂಟಿಕ್ಕಿದರು.

“ಮಾಮ, ಯಂತ್ರ ಅಂದ್ರೆ ಜೀವ ಬಿಡೋರು ನೀವೇ ಅಲ್ವಾ? ಊಟದ ಹೊತ್ತಲ್ಲಿ ಆ ಸಿನಿಮಾ ಹಾಕಿ. ಇವರಿಗೂ ಧೈರ್ಯ ಬರ್ಲಿ. ಸಂಜೆ ಆರ್ಡರ್ ಕೊಟ್ಟು ಮಿಷನ್ ಮುಂದೆ ನಿಮ್ಮನ್ನೇ ಕೂರಿಸ್ತೀನಿ” ಎಂದರು ಯಜಮಾನಿ.

ಮಾಮ ಕೈಯಲ್ಲಿದ್ದ ಚಾಕನ್ನು ಗಟ್ಟಿಯಾಗಿ ಹಿಡಿದುಕೊಂಡ. ಪರದೆಯ ಮೇಲಿನ ಯಂತ್ರ ಬೇರೆ, ಮನೆಯಲ್ಲಿ ಫೋನಿನ ಅಲಾರಂ ಇಡುವುದಕ್ಕೂ ಅವನಿಗೆ ಹೆಂಡತಿಯೇ ಬೇಕು. ಅದಿರಲಿ, ಆ ಚಾಕು ಬಿಟ್ಟು ಬದುಕುವುದಾದರೂ ಹೇಗೆ? ದೇವರೇ, ಇಪ್ಪತ್ತು ವರ್ಷದಲ್ಲಿ ಸಿನಿಮಾ ಹಳಸಿ ಹೋಗಿರಲಿ ಎಂದು ಹರಕೆ ಹೊತ್ತ.

ಹಾಳಾದ್ದು, ಊಟದ ಹೊತ್ತಲ್ಲಿ ಹಾಕಿ ನೋಡಿದರೆ ಮೊದಲಿಗಿಂತ ಚೆನ್ನಾಗಿತ್ತು. ಒದ್ದೆ ರಸ್ತೆಯ ಮೇಲೆ ಬಣ್ಣದ ದೀಪಗಳು ಬಿದ್ದದ್ದೇ ತಡ, ಮಾಮನ ಕಣ್ಣು ತುಂಬಿತು. ಪಕ್ಕಕ್ಕೆ ನೋಡಿದರೆ ಅಜ್ಜ, ಅಕ್ಕ, ಯಜಮಾನಿ ಮೂವರೂ ಊಟ ಮರೆತು ಕೂತಿದ್ದರು. ನನ್ನ ಕತೆ ಮುಗಿಯಿತು ಎಂದುಕೊಂಡ.

ಆಗ ಯಂತ್ರದ ಹೆಣ್ಣು ಪರದೆ ತುಂಬ ನಕ್ಕಳು.

“ನಿಲ್ಸಿ, ನಿಲ್ಸಿ” ಎಂದ ಪಾಲಿಶ್ ಅಜ್ಜ.

ಅವಳ ಬಾಯಲ್ಲಿ ಹಲ್ಲೇ ಇರಲಿಲ್ಲ. ಮೇಲೊಂದು ಬಿಳಿ ಪಟ್ಟಿ, ಕೆಳಗೊಂದು ಬಿಳಿ ಪಟ್ಟಿ, ನಡುವೆ ಒಂದು ಗೆರೆಯೂ ಇಲ್ಲ. ಪ್ಲಾಸ್ಟರ್ ಅಕ್ಕ ಪರದೆಗೆ ಮೂಗು ತಾಗಿಸಿ ಕೋರೆಹಲ್ಲು ಹುಡುಕಿದಳು. ಅಲ್ಲಿಂದಾಚೆ ಯಾರೂ ಸಿನಿಮಾ ನೋಡಲಿಲ್ಲ, ಬಾಯಿಗಳನ್ನು ನೋಡಿದರು. ಖಳನಾಯಕನಿಗೂ ಪಟ್ಟಿ, ನೂರು ವರ್ಷದ ಮುದುಕನಿಗೂ ಪಟ್ಟಿ.

“ಕಣ್ಣೊಳಗಿನ ನರ ಕೂಡ ಬಿಡ್ಸಿದಾರೆ, ಹಲ್ಲಿಗೆ ಬಂದ್ರೆ ಸುಣ್ಣ ಬಳಿದಿದಾರೆ” ಎಂದ ಅಜ್ಜ. “ಯಂತ್ರಕ್ಕೆ ಒಪ್ಸಿದ್ರೆ ನಮ್ಮ ಹಲ್ಲಿಗೂ ಇದೇ ಗತಿ.”

ಅರ್ಧ ಗಂಟೆ ಚರ್ಚೆ ನಡೆದು, ಮಿಷನ್ ಬೇಡವೆಂದು ಯಜಮಾನಿಯೂ ಒಪ್ಪಿದರು. ಮಾಮನಿಗೆ ಹೋದ ಜೀವ ಬಂದಂತಾಯಿತು. ಹೌದೌದು, ಹಳೇ ಸಿನಿಮಾ, ಹಲ್ಲು ಸರಿಯಿಲ್ಲ ಎಂದು ತಾನೂ ಎಲ್ಲರ ಜೊತೆ ಬೈದ. ಬೈಯುತ್ತಲೇ ಆ ಯಂತ್ರದ ಹೆಣ್ಣಿಗೆ ಮನಸ್ಸಿನಲ್ಲೇ ಕ್ಷಮೆ ಕೇಳಿದ, ನಿಜ. ಆದರೂ ಆ ಮಧ್ಯಾಹ್ನ ಅವನು ಕೆತ್ತಿದ ದವಡೆಹಲ್ಲಿನಂಥದ್ದು ಆ ಲ್ಯಾಬಿನಲ್ಲಿ ಹಿಂದೆಂದೂ ಆಗಿರಲಿಲ್ಲ.

ಸಂಜೆ ಹೊರಡುವಾಗ ಯಜಮಾನಿ ಅವನನ್ನು ಒಳಗೆ ಕರೆದರು.

“ಸಿನಿಮಾ ನೋಡ್ತಾ ನೀವು ಅತ್ತಿದ್ದು ನಾನು ನೋಡ್ದೆ ಮಾಮ. ಅಷ್ಟು ಆಸೆ ಇರೋರನ್ನ ಮೇಣದ ಮುಂದೆ ಕೊಳೆಸೋಕೆ ನಂಗೆ ಮನಸ್ಸು ಬರ್ಲಿಲ್ಲ. ನಮ್ಮಣ್ಣನ ಲ್ಯಾಬಲ್ಲಿ ಆ ಮಿಷನ್ ಎರಡಿವೆ. ಮಾತಾಡಿದೀನಿ, ನಾಳೆಯಿಂದ ನೀವು ಅಲ್ಲಿಗೆ.”

ಮಾಮನ ಕಣ್ಣಲ್ಲಿ ದಳದಳ ನೀರಿಳಿಯಿತು. ಎರಡೇ ಮಿಷನ್ ಎಂಬ ಬೇಸರವೇನೋ ಎಂದುಕೊಂಡ ಯಜಮಾನಿ, ಮುಂದಿನ ತಿಂಗಳು ಮೂರನೆಯದೂ ಬರುತ್ತದೆ ಎಂದು ಸಮಾಧಾನ ಹೇಳಿದರು.