ಗುಜರಿಯವನಿಗೆ ಸಿಗದ ಸಾಮಾನು

ನಮ್ಮ ಮನೆಯ ಹಳೇ ಸಾಮಾನು ಸುಮ್ಮನೆ ಮೂಲೆ ಹಿಡಿದು ಕೂತ ದಿನವೇ ಇಲ್ಲ. ಏನಾದರೊಂದು ನಡೆಸದೆ ಅವಕ್ಕೆ ಸಮಾಧಾನವಾಗುವುದಿಲ್ಲ. ನಮ್ಮ ಯಜಮಾನರಿಗೆ ಪಶು ಆಸ್ಪತ್ರೆಯಲ್ಲಿ ಕೆಲಸ. ನಾನು ಮನೆಯಲ್ಲೇ ಬಟ್ಟೆ ಹೊಲಿಯುವವಳು. ಅವರಿಗೆ ವರ್ಗ ಆದಾಗಲೆಲ್ಲ ಲಾರಿಗೆ ಸಾಮಾನು ಏರಿಸುವ ಹೊತ್ತಿಗೆ ಒಂದು ಜಗಳ ಇದ್ದದ್ದೇ. ಅರ್ಧ ಗುಜರಿಗೆ ಹಾಕು ಅಂತ ಅವರು, ಒಂದು ಮೊಳೆಯನ್ನೂ ಕೊಡಲ್ಲ ಅಂತ ನಾನು. ಇಲ್ಲೀತನಕ ಗೆದ್ದವಳು ನಾನೇ. ಹೆಂಗೆ ಅಂತ ಹೇಳುತ್ತೇನೆ, ಕೇಳಿ.

ಸಫಾರಿ ಚೀಲ

ಜಗಳೂರಿನಲ್ಲಿದ್ದಾಗ ಒಂದು ಎಮ್ಮೆ, ಇಂಜೆಕ್ಷನ್ ಕೊಡಿಸಿಕೊಳ್ಳುವಾಗ ಕೊಂಬು ಆಡಿಸಿ ಇವರ ಸಫಾರಿ ಪ್ಯಾಂಟನ್ನು ಮಂಡಿಯ ಹತ್ತಿರ ಹರಿದುಹಾಕಿತು. ಇವರಿಗೆ ಗಾಯವೇನೂ ಆಗಲಿಲ್ಲ, ಪ್ಯಾಂಟು ಮಾತ್ರ ಹೋಯಿತು. ಎಸೆದುಬಿಡು ಅಂದರು. ನಾನು ಕತ್ತರಿಸಿ, ಎರಡು ಕಾಲೂ ಸೇರಿಸಿ, ಜೇಬು, ಜಿಪ್ಪು ಇದ್ದ ಹಾಗೇ ಉಳಿಸಿ ಗಟ್ಟಿಯಾದ ಚೀಲ ಹೊಲಿದೆ.

ಸಂತೆ ದಿನ ಬೇರೆ ಚೀಲ ಕಾಣದೆ ಇವರು ಅದನ್ನೇ ಹಿಡಿದುಕೊಂಡು ಹೋದರು. ಮೈಮೇಲಿದ್ದದ್ದು ಅದೇ ಸಫಾರಿಯ ಅಂಗಿ. ಅಂಗಿ ಮತ್ತು ಚೀಲ ಒಂದೇ ಬಟ್ಟೆ. ಈ ಸೆಟ್ಟು ಎಲ್ಲಿ ಸಿಗುತ್ತೆ ಅಂತ ಸಂತೆಯಲ್ಲಿ ಜನ ಇವರನ್ನು ನಿಲ್ಲಿಸಿ ಕೇಳಿದರಂತೆ. ನಾಚಿಕೊಂಡು ಹೋದವರು ಎದೆ ಸೆಟೆಸಿಕೊಂಡು ಬಂದರು.

ಅಲ್ಲಿಂದ ಬೀದಿಯ ಹೆಂಗಸರೆಲ್ಲ ಗಂಡಂದಿರ ಹಳೇ ಪ್ಯಾಂಟು ತರಾಕೆ ಶುರು ಮಾಡಿದರು. ಪಕ್ಕದ ಬೀದಿಯ ಕಂಡಕ್ಟರ ಹೆಂಡತಿ ಒಂದು ಖಾಕಿ ಪ್ಯಾಂಟು ಕೊಟ್ಟು ಹೋದಳು. ಅವಳು ಹೋಗಿ ಸ್ವಲ್ಪ ಹೊತ್ತಿಗೆ ಕಂಡಕ್ಟರೇ ಲುಂಗಿ ಎತ್ತಿಕಟ್ಟಿಕೊಂಡು ಓಡಿ ಬಂದು ಬಾಗಿಲಲ್ಲಿ ನಿಂತರು.

"ಅಕ್ಕಾರೆ, ಕತ್ತರಿ ಹಾಕಿಬಿಟ್ರಾ?"

ಇನ್ನೂ ಇಲ್ಲ ಅಂದೆ. ಉಸಿರು ಬಿಟ್ಟು ಕೈ ಚಾಚಿದರು.

"ಹಂಗಾರೆ ಕೊಡ್ರಿ. ಅದು ಹಳೇದಲ್ಲ, ಇವತ್ತಿನ ಡ್ಯೂಟಿದು."

ಎಡಗಿವಿ

ಹೊನ್ನಾಳಿಯಲ್ಲಿ ನಾವಿದ್ದದ್ದು ಬಾಡಿಗೆಯ ಹೆಂಚಿನ ಮನೆ. ಮಳೆ ಬಂದರೆ ಸರಿಯಾಗಿ ಒಲೆಯ ಮೇಲೇ ಸೋರುತ್ತಿತ್ತು. ಮಾಲೀಕರಿಗೆ ಹೇಳಿದರೆ ಮಳೆ ನಿಲ್ಲಲಿ, ಮಾಡಿಸ್ತೀನಿ ಅನ್ನೋರು. ಮಳೆ ನಿಂತ ಮೇಲೆ ಹೋದರೆ ಈಗ ಎಲ್ಲಿ ಸೋರ್ತೈತೆ ತೋರಿಸಿ ಅನ್ನೋರು.

ಅಷ್ಟರಲ್ಲಿ ನಮ್ಮ ಬೀದಿಯ ಮೂಲೆಯಲ್ಲಿ ಕಟ್ಟಿದ್ದ ಊರ ಮುಖಂಡರೊಬ್ಬರ ಹುಟ್ಟುಹಬ್ಬದ ದೊಡ್ಡ ಫ್ಲೆಕ್ಸು ಗಾಳಿಗೆ ಕಿತ್ತು ಬಿತ್ತು. ಕಟ್ಟಿದವರನ್ನು ಕೇಳಿದೆ, ಒಯ್ಯಿರಿ ಅಂದರು. ತೊಳೆದು ಅಡುಗೆಮನೆಯ ಹೆಂಚಿನ ಕೆಳಗೆ ಬಿಗಿಯಾಗಿ ಕಟ್ಟಿಸಿದೆ. ಸಾರಿಗೆ ಒಗ್ಗರಣೆ ಹಾಕುತ್ತಾ ತಲೆಯೆತ್ತಿದರೆ ಮುಖಂಡರು ಮೇಲಿನಿಂದ ನನಗೇ ಕೈ ಮುಗಿದು ನಗುತ್ತಿದ್ದರು.

ಚುನಾವಣೆ ಬಂತು. ಜಿಟಿಜಿಟಿ ಮಳೆಯಲ್ಲೇ ಅದೇ ಮುಖಂಡರು ಮನೆಮನೆಗೆ ಮತ ಕೇಳುತ್ತಾ ಬಂದರು. ಅವರ ಹಿಂದೆ ಕೊಡೆ ಹಿಡಿದವರು ನಮ್ಮ ಮಾಲೀಕರೇ. ಕುಡಿಯಾಕೆ ನೀರು ಕೇಳಿ ಅಡುಗೆಮನೆ ಬಾಗಿಲತನಕ ಬಂದ ಮುಖಂಡರು ಮೇಲೆ ನೋಡಿದರು. ಅವಮಾನ ಮಾಡಿದಿರಿ ಅಂದರೆ ಮನೆ ಬಿಡಿಸುವುದು ಖಂಡಿತ. ಅವರು ತಮ್ಮನ್ನೇ ನೋಡಿಕೊಂಡು, ಮೆಲ್ಲಗೆ ಕೇಳಿದರು.

"ಅಮ್ಮ, ನಾನು ಎಲ್ಲಾದ್ರೂ ಸೋರ್ತಿದೀನಾ?"

"ಎಡಗಿವಿ ಹತ್ರ ಒಂಚೂರು, ಸಾರ್."

ಅವರು ಹಿಂದೆ ತಿರುಗಿ ಮಾಲೀಕರ ಮುಖ ನೋಡಿದರು, ಅಷ್ಟೇ. ಮಾರನೇ ದಿನ ಬೆಳಿಗ್ಗೆಯೇ ಹೊಸ ಹೆಂಚು ಬಂದಿಳಿಯಿತು. ಏಣಿ ಹತ್ತಿದ ಗಾರೆಯವನು ಎಲ್ಲಿಂದ ಶುರು ಮಾಡಲಿ ಅಂತ ಕೇಳಿದ. ನಮ್ಮ ಯಜಮಾನರು ಪೇಪರಿನಿಂದ ತಲೆಯೆತ್ತದೆ ಹೇಳಿದರು.

"ಕಿವಿಯಿಂದ."

ಕಾವಿಗೆ ಕೂತದ್ದು

ನ್ಯಾಮತಿಯಲ್ಲಿ ಇವರ ಹಳೇ ಹೆಲ್ಮೆಟ್ಟಿನ ಪಟ್ಟಿ ಕಿತ್ತಿತ್ತು. ಅಂಗಾತ ಇಟ್ಟು, ಹುಲ್ಲು ಹಾಸಿ, ಹಿತ್ತಲಲ್ಲಿ ಕೋಳಿಗೆ ಬಿಟ್ಟುಕೊಟ್ಟೆ. ಅದಕ್ಕೇ ಅಳತೆ ಕೊಟ್ಟು ಮಾಡಿಸಿದ ಹಾಗೆ ಕೋಳಿ ಮೊಟ್ಟೆಯಿಟ್ಟು ಕಾವಿಗೆ ಕೂತಿತು. ಹೊಸ ಹೆಲ್ಮೆಟ್ಟನ್ನು ಇವರು ಯಾವುದೋ ಹಳ್ಳಿಯ ಕೊಟ್ಟಿಗೆಯಲ್ಲಿ ಮರೆತು ಬಂದರು. ಹಳೇದನ್ನಾದರೂ ಕೊಡು, ಹಗ್ಗ ಕಟ್ಟಿಕೊಂಡು ಹೋಗ್ತೀನಿ ಅಂದರು. ಕಾವಿನ ಕೋಳಿ ಎಬ್ಬಿಸಬಾರದು ಅಂತ ಊರಿಗೆಲ್ಲ ಹೇಳೋರು ನೀವೇ ಅಲ್ಲವೇ ಅಂದೆ. ಬರಿತಲೆಯಲ್ಲೇ ಹೋದರು.

ಸರ್ಕಲ್ಲಿನಲ್ಲಿ ಪೊಲೀಸಿನವರೊಬ್ಬರು ಹಿಡಿದರು. ಇವರಿಗೆ ಸುಳ್ಳು ಹೇಳಾಕೆ ಬರುವುದಿಲ್ಲ. ಹೆಲ್ಮೆಟ್ ಮೇಲೆ ಕೋಳಿ ಕೂತೈತೆ ಸಾರ್ ಅಂದರಂತೆ. ಪೊಲೀಸಿನವರು ನಂಬಲಿಲ್ಲ. ಇವರ ಬೈಕಿನ ಹಿಂದೆ ಹತ್ತಿ ನಮ್ಮ ಹಿತ್ತಲಿಗೇ ಬಂದು ನೋಡಿದರು. ಕೋಳಿ ಅವರನ್ನೂ ಕುಕ್ಕಾಕೆ ಬಂತು. ದಂಡ ಹಾಕದೆ ಟೀ ಕುಡಿದು ಹೋದರು.

ಹೊಸ ಹೆಲ್ಮೆಟ್ ಸಿಕ್ಕ ಮೇಲೂ ಆ ಪೊಲೀಸಿನವರು ಇವರನ್ನು ದಿನಾ ಕೈ ಅಡ್ಡ ಹಾಕಿ ನಿಲ್ಲಿಸುತ್ತಿದ್ದರು. ಇವರು ತಲೆ ಮುಟ್ಟಿ ತೋರಿಸಿದರೆ, "ಅದಿರ್ಲಿ ಬಿಡ್ರಿ, ಮರಿ ಆದ್ವಾ?"

ಕರೆಯೋಲೆ

ಈಗ ಚನ್ನಗಿರಿಯಲ್ಲಿದ್ದೇವೆ. ನಮ್ಮ ವಾಷಿಂಗ್ ಮಷಿನ್ನಿಗೆ ಎರಡು ತೊಟ್ಟಿ. ಒಗೆಯುವ ಕಡೆ ಸುಟ್ಟುಹೋಗಿ, ನೀರು ಹಿಂಡುವ ಕಡೆ ಮಾತ್ರ ಉಳಿದಿತ್ತು. ಗುಜರಿಯವನು ಗಾಡಿ ತಂದು ಬಾಗಿಲಲ್ಲಿ ನಿಂತಿದ್ದ. ನಾನು ಕಳಿಸಿಬಿಟ್ಟೆ. ಆ ತೊಟ್ಟಿಯನ್ನು ಬಿಸಿನೀರು, ಹುಣಸೆಹಣ್ಣು ಹಾಕಿ ಉಜ್ಜಿ ತೊಳೆದು, ಸೊಪ್ಪು ತೊಳೆದಾಗ ನೀರು ಹಿಂಡಾಕೆ ಇಟ್ಟುಕೊಂಡೆ. ಅದಕ್ಕೆ ಮತ್ತೆ ಬಟ್ಟೆ ಮುಟ್ಟಿಸಲಿಲ್ಲ.

ನಲ್ಲೂರಿನಲ್ಲಿ ನನ್ನ ನಾದಿನಿಯ ಹೊಸ ಮನೆಯ ಗೃಹಪ್ರವೇಶ. ಬೆಳಗಿನ ತಿಂಡಿಗೆ ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ. ಮಂಡಕ್ಕಿಯನ್ನು ನೀರಲ್ಲಿ ನೆನೆಸಿ, ಹಿಂಡಿ, ಒಗ್ಗರಣೆಗೆ ಹಾಕಬೇಕು. ಹಿಂಡಾಕೆ ಬರಬೇಕಾದ ಆಳುಗಳು ಕೈಕೊಟ್ಟರು. ಅಡುಗೆಭಟ್ಟರು ಒಬ್ಬರೇ ಮೂಟೆಗಟ್ಟಲೆ ಮಂಡಕ್ಕಿಯ ಮುಂದೆ ಕೂತಿದ್ದರು. ಬೀಗರು ಆಗಲೇ ಬಂದಿಳಿದಾಗಿತ್ತು. ನಾದಿನಿ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು.

ನಾನು ಇವರನ್ನು ಆಟೋದಲ್ಲಿ ಚನ್ನಗಿರಿಗೆ ಓಡಿಸಿ ಮಷಿನ್ ತರಿಸಿದೆ. ಅತ್ತೆಯವರು ಹಣೆ ಚಚ್ಚಿಕೊಂಡರು. ತೆಳು ಬಟ್ಟೆಯಲ್ಲಿ ನೆನೆದ ಮಂಡಕ್ಕಿ ಕಟ್ಟಿ, ತೊಟ್ಟಿಗೆ ಇಳಿಬಿಟ್ಟು, ಗುಂಡಿ ಒತ್ತಿದೆ. ಗಿರ್ರ್ ಅಂದು ನಿಂತಿತು. ಬಿಚ್ಚಿ ನೋಡಿದರೆ ಕಾಳಿಗೆ ಕಾಳು ಅಂಟಿಲ್ಲ, ಉದುರುದುರು. ಭಟ್ಟರು ಒಂದು ಹಿಡಿ ಬಾಯಿಗೆ ಹಾಕಿಕೊಂಡು, ಒಗ್ಗರಣೆಗೆ ಎಣ್ಣೆ ಸುರಿದರು. ಪಂಕ್ತಿಯ ಮೇಲೆ ಪಂಕ್ತಿ ಎದ್ದಿತು. ಬೀಗರು ಮತ್ತೆ ಮತ್ತೆ ಹಾಕಿಸಿಕೊಂಡರು. ಅತ್ತೆಯವರು ಮಷಿನ್ನಿಗೆ ದೃಷ್ಟಿ ತೆಗೆದರು.

ಮುಂದಿನ ತಿಂಗಳು ಅದೇ ಭಟ್ಟರು ತಟ್ಟೆಯಲ್ಲಿ ವೀಳ್ಯದೆಲೆ, ಅಡಿಕೆ, ಅಕ್ಷತೆ ಇಟ್ಟುಕೊಂಡು ನಮ್ಮ ಮನೆಗೆ ಬಂದರು. ಸಂತೇಬೆನ್ನೂರಿನಲ್ಲಿ ಅವರ ಮಗಳ ಮದುವೆ. ಇವರು ಮಷಿನ್ನಿಗೆ ಒರಗಿ ನಿಂತಿದ್ದರು. ಭಟ್ಟರು ಆ ಕಡೆ ತಿರುಗಿ, ಕೈ ಮುಗಿದು, ನನಗೆ ಹೇಳಿದರು.

"ಅಕ್ಕಾರೆ, ನಿಮಗೆ ಬರಾಕೆ ಆಗದಿದ್ರೂ ಚಿಂತಿಲ್ಲ, ಇವರನ್ನ ಮಾತ್ರ ಹಿಂದಿನ ದಿನವೇ ಕಳಿಸಿಕೊಡಬೇಕು."

ನಮ್ಮ ಯಜಮಾನರಿಗೆ ಸಂತೋಷವಾಯಿತು. ರಜಾ ಸಿಗೋದು ಕಷ್ಟ, ಆದರೂ ನೋಡ್ತೀನಿ ಅಂದರು.

ಭಟ್ಟರು ಸಂಕೋಚದಿಂದ ಅವರನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ, ಮಷಿನ್ನಿನ ಮೇಲೆ ಅಕ್ಷತೆ ಹಾಕಿದರು.