ಖಾಯಂ ಅಪ್ರಕಟಿತ ಲೇಖಕರ ಅರ್ಜಿ

ಗುನ್ಸಾನ್ ಬಂದರಿನ ನಿವೃತ್ತ ನೀರಿನ ಮೀಟರ್ ಪರಿವೀಕ್ಷಕರಾದ ತಕ್ ಪಿಲ್‌ಸು ಅವರು ‘ಬೆಳಗಿನ ದೀಪ’ ಪತ್ರಿಕೆಯ ಹೊಸವರ್ಷದ ಕಥಾಸ್ಪರ್ಧೆಗೆ ಇಪ್ಪತ್ತಾರು ವರ್ಷಗಳಲ್ಲಿ ಇಪ್ಪತ್ತಾರು ಕಥೆಗಳನ್ನು ಕಳಿಸಿದ್ದು, ಅವುಗಳ ಪೈಕಿ ಒಂದೂ ಆಯ್ಕೆಯಾಗಿಲ್ಲವೆಂಬುದು ದಾಖಲೆಗಳಿಂದ ದೃಢಪಟ್ಟಿದೆ.

ಇಂಥ ಸ್ಪರ್ಧೆ ಗೆಲ್ಲದೆ ತಾನು ಲೇಖಕ ಎಂದುಕೊಂಡರೆ ಆ ಊರಲ್ಲಿ ಮೀನು ಮಾರುವವರೂ ನಗುತ್ತಾರೆ. ಗೆದ್ದವರಿಗೆ ಡಿಸೆಂಬರ್ ಇಪ್ಪತ್ತರ ಸುಮಾರಿಗೆ ಫೋನ್ ಬರುತ್ತದೆ. ಆದ್ದರಿಂದ ಪಿಲ್‌ಸು ಅವರು ಹದಿನೈದರಿಂದಲೇ ಫೋನನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಂಡು ಸಾರ್ವಜನಿಕ ಸ್ನಾನಗೃಹದ ಬಿಸಿನೀರಿನ ತೊಟ್ಟಿಗೂ ಇಳಿಯುತ್ತಿದ್ದರು. ಒಂದು ವರ್ಷ ಫೋನ್ ಬಂದೇ ಬಂತು. “ಇದನ್ನು ನಾನು ಖಂಡಿತ ನಿರೀಕ್ಷಿಸಿರಲಿಲ್ಲ, ನನ್ನ ಗುರುಗಳಿಗೆ ವಂದನೆ” ಎಂದು ಒಂದೇ ಉಸಿರಿಗೆ ನುಡಿದರು. ಪ್ಯಾಂಟು ಇಸ್ತ್ರಿಯಾಗಿದೆ ಎಂದು ಹೇಳಲು ಫೋನ್ ಮಾಡಿದ್ದ ಲಾಂಡ್ರಿಯವನು, “ಆಯ್ತು ಬಿಡಿ, ಸಂಜೆ ಬಂದು ತಗೊಂಡ್ಹೋಗಿ” ಅಂದ.

ಅವರಿಗೆ ತಮ್ಮ ಬಗ್ಗೆ ಭ್ರಮೆಯೇನೂ ಇರಲಿಲ್ಲ. ಏಳು ಕಥೆಗಳು ಕಡಲಹಕ್ಕಿಯಿಂದಲೇ ಶುರುವಾಗುತ್ತಿದ್ದವು. ತಾವೇ ತೀರ್ಪುಗಾರರಾಗಿದ್ದರೂ ತಮ್ಮನ್ನು ಆರಿಸುತ್ತಿರಲಿಲ್ಲವೆಂದು ಒಪ್ಪಿಕೊಂಡಿದ್ದರು. ಒಪ್ಪಿಕೊಂಡು, ಮರುವರ್ಷ ಮತ್ತೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸುತ್ತಿದ್ದರು.

ಇಪ್ಪತ್ತೇಳನೆಯ ವರ್ಷ, ತೊಟ್ಟಿಯಲ್ಲಿದ್ದಾಗಲೇ ಫೋನ್ ಬಂತು. ಪತ್ರಿಕೆಯ ಸಂಸ್ಕೃತಿ ವಿಭಾಗದ ಮುಖ್ಯಸ್ಥೆ ಗು ಮಿರಾನ್. ಬರೆಯುವವರನ್ನೆಲ್ಲ ಅಲ್ಲಿ ‘ಮೇಷ್ಟ್ರೇ’ ಎಂದೇ ಕರೆಯುತ್ತಾರೆ.

“ಅಭಿನಂದನೆ ಮೇಷ್ಟ್ರೇ. ನಿಮ್ಮ ಕಥೆ ಈ ಸಲವೂ ಆಯ್ಕೆಯಾಗಿಲ್ಲ.”

“ಮತ್ತೆ ಅಭಿನಂದನೆ ಯಾಕಮ್ಮಾ?”

“ಇಪ್ಪತ್ತೇಳು ವರ್ಷ ಬಿಡದೆ ಸೋತೋರು ನೀವೊಬ್ಬರೇ. ಉಳಿದೋರು ಒಂದೋ ಗೆದ್ರು, ಇಲ್ಲಾ ಅವರಿಗೆ ಬುದ್ಧಿ ಬಂತು.”

ಜನವರಿ ಒಂದರಂದು ಪ್ರಕಟಣೆ ಹೊರಬಿತ್ತು. ಸಾಹಿತ್ಯದಲ್ಲಿ ತಾಳ್ಮೆಯನ್ನು ಉತ್ತೇಜಿಸುವ ಸಲುವಾಗಿ ‘ಖಾಯಂ ಅಪ್ರಕಟಿತ ಲೇಖಕ’ ಎಂಬ ಹುದ್ದೆಯನ್ನು ಸೃಜಿಸಲಾಗಿದೆ. ಸದರಿ ಹುದ್ದೆಯಲ್ಲಿರುವವರು ಪ್ರತಿ ಬುಧವಾರ ಹೊಸಬರಿಗೆ ತಾಳ್ಮೆಯ ಪಾಠ ಹೇಳತಕ್ಕದ್ದು. ತಾವು ಏನನ್ನೂ ಪ್ರಕಟಿಸತಕ್ಕದ್ದಲ್ಲ.

ಮೊದಲ ಬುಧವಾರವೇ ನಲವತ್ತು ಜನ ಸೇರಿದರು.

“ಕಥೆ ವಾಪಸ್ ಬಂದ ದಿನ ಏನ್ಮಾಡ್ತೀರಿ ಮೇಷ್ಟ್ರೇ?” ಎಂದು ಒಬ್ಬಳು ಕೇಳಿದಳು.

“ಊಟ ಮಾಡ್ತೀನಿ.”

ನಲವತ್ತು ಜನರೂ ಬರೆದುಕೊಂಡರು.

ಆ ನಲವತ್ತರಲ್ಲಿ ಹತ್ತಿರದ ಜೊಂಜು ಪಟ್ಟಣದ ನೂಡಲ್ ಅಂಗಡಿಯೊಂದರ ಅಟ್ಟದ ಮೇಲೆ ಸಣ್ಣ ಪ್ರಕಾಶನ ನಡೆಸುತ್ತಿದ್ದ ಸೊಕ್ ಯೊನ್ಹಿ ಎಂಬಾಕೆಯೂ ಇದ್ದಳು. ಅವರ ಕಥೆಗಳನ್ನೆಲ್ಲ ಕೇಳಿ ತರಿಸಿಕೊಂಡು, ವಸಂತದ ಹೊತ್ತಿಗೆ ಓದಿ ಮುಗಿಸಿ ಬಂದಳು.

“ಹಕ್ಕಿ ಇರೋ ಏಳನ್ನ ಬಿಟ್ಟುಬಿಡೋಣ ಮೇಷ್ಟ್ರೇ. ಮಿಕ್ಕಿದ್ದು ಪುಸ್ತಕ ಆಗುತ್ತೆ.”

ಪಿಲ್‌ಸು ಅವರು ಬಂದರಿಗೆ ನಡೆದುಹೋಗಿ ಬಲೆಗಳ ರಾಶಿಯ ಹಿಂದೆ ಕೂತು ಚೆನ್ನಾಗಿ ಅತ್ತರು. ಆಮೇಲೆ ಮುಖ ತೊಳೆದುಕೊಂಡು, ಹುದ್ದೆಗೆ ರಾಜೀನಾಮೆ ಕೊಡಲು ಪತ್ರಿಕೆಯ ಕಚೇರಿಗೆ ಹೋದರು.

“ರಾಜೀನಾಮೆನಾ?” ಮಿರಾನ್‌ಗೆ ನಿಜಕ್ಕೂ ನೋವಾಯಿತು. “ಇದು ತಾಳ್ಮೆಯ ಹುದ್ದೆ ಮೇಷ್ಟ್ರೇ. ಅರ್ಧಕ್ಕೆ ಬಿಟ್ಟು ಹೋದ್ರೆ ಹುದ್ದೆಗೇನು ಮರ್ಯಾದೆ? ಪ್ರಕಟವಾಗೋಕೆ ಅನುಮತಿ ಕೇಳಿ ಅರ್ಜಿ ಹಾಕಿ. ತೀರ್ಪುಗಾರರು ಓದ್ತಾರೆ.”

“ಯಾವ ತೀರ್ಪುಗಾರರು?”

“ಅವರೇ. ನಿಮ್ಮ ಶೈಲಿ ಅವರಿಗೆ ಪರಿಚಯ ಇದೆಯಲ್ಲ.”

ಮೊದಲ ಅರ್ಜಿ ಹಿಂಬರಹದೊಂದಿಗೆ ವಾಪಸ್ಸಾಯಿತು: ವಸ್ತು ಹಳತು, ಅರ್ಜಿದಾರ ಕೊನೆಗೆ ಅನುಮತಿ ಕೇಳುತ್ತಾನೆಂಬುದು ಮೊದಲೇ ತಿಳಿದುಬಿಡುತ್ತದೆ. ಎರಡನೆಯದಕ್ಕೆ: ನೋವು ಸಾಲದು.

ಮೂರನೆಯದನ್ನು ಅವರು ಎರಡು ತಿಂಗಳು ತಿದ್ದಿದರು. ಅವರ ಹೆಂಡತಿ ನಾಮ್ ಇನ್ಸುಕ್, ಕಿಮ್ಚಿ ಎಂಬ ತರಕಾರಿ ಉಪ್ಪಿನಕಾಯಿ ಮತ್ತು ಉಪ್ಪಿನ ಮೀನುಗಳ ಅಂಗಡಿ ಇಟ್ಟಿದ್ದಾಕೆ. ಗಲ್ಲಾದ ಮೇಲೆ ಬಿದ್ದಿದ್ದ ಕರಡನ್ನು ಮೂಲಂಗಿ ಹೆಚ್ಚುತ್ತಲೇ ಓದಿದಳು.

“ಇದು ಅರ್ಜಿನೇನ್ರೀ? ಓದ್ತಾ ಓದ್ತಾ ಮೂಲಂಗಿಗೆ ಎರಡು ಸಲ ಉಪ್ಪು ಹಾಕ್ಬಿಟ್ಟೆ.”

“ನನ್ನ ಕಥೆ ಮಾತ್ರ ಒಂದಿನವೂ ಓದ್ಲಿಲ್ಲ ನೀನು.”

“ಮೊದಲನೇದು ಓದಿದ್ದೆ. ಹಕ್ಕಿ ಹಾರ್ತಾನೇ ಇತ್ತು, ಇಳೀಲೇ ಇಲ್ಲ. ನಂಗೆ ಅಂಗಡಿ ತೆಗೀಬೇಕಿತ್ತು.” ಹಾಳೆಯನ್ನು ಮತ್ತೊಮ್ಮೆ ನೋಡಿದಳು. “ಎರಡನೇ ಪ್ಯಾರಾ ತೆಗೀರಿ. ಅಲ್ಲಿ ಅಳು ಜಾಸ್ತಿ ಆಯ್ತು.”

ಇಪ್ಪತ್ತೇಳು ವರ್ಷಗಳಲ್ಲಿ ಮನೆಯಲ್ಲಿ ಸಿಕ್ಕ ಮೊದಲ ವಿಮರ್ಶೆ ಅದು. ಪಿಲ್‌ಸು ಅವರು ಎರಡನೆಯ ಪ್ಯಾರಾ ತೆಗೆದರು.

ಮೂರನೆಯ ಅರ್ಜಿಯನ್ನು ತೀರ್ಪುಗಾರರು ಒಮ್ಮತದಿಂದ ಮೆಚ್ಚಿ, ಒಮ್ಮತದಿಂದ ತಿರಸ್ಕರಿಸಿದರು. ಇಷ್ಟು ಚೆನ್ನಾಗಿ ಕಾಯಬಲ್ಲವರನ್ನು ಹುದ್ದೆಯಿಂದ ಬಿಡುಗಡೆ ಮಾಡುವುದು ಸಾಹಿತ್ಯಕ್ಕೆ ನಷ್ಟ ಎಂದು ನಡಾವಳಿಯಲ್ಲಿ ನಮೂದಾಯಿತು. ಮುಂದಿನವರಿಗೆ ಮಾರ್ಗದರ್ಶನವಾಗಲೆಂದು ಅರ್ಜಿಯನ್ನು ‘ಮಾದರಿ ನಮೂನೆ’ ಎಂಬ ಹೆಸರಿನಲ್ಲಿ ಐನೂರು ಪ್ರತಿ ಅಚ್ಚು ಹಾಕಿಸಲಾಯಿತು. ಅರ್ಜಿದಾರರ ಹೆಸರಿದ್ದ ಕಡೆ ಗೆರೆ ಎಳೆದು ಜಾಗ ಖಾಲಿ ಬಿಡಲಾಯಿತು.

“ಹಾಗಾದ್ರೆ ಇದು ಪ್ರಕಟವಾದ ಹಾಗಲ್ವೇನಮ್ಮಾ?” ಎಂದು ಪಿಲ್‌ಸು ಕೇಳಿದರು.

“ನಮೂನೆಗೆ ಲೇಖಕರು ಇರಲ್ಲ ಮೇಷ್ಟ್ರೇ,” ಎಂದಳು ಮಿರಾನ್, ಮೃದುವಾಗಿ.

ಯೊನ್ಹಿ ತಾನು ಕಾಯುತ್ತೇನೆಂದಳು. ಬುಧವಾರದ ತರಗತಿಗೆ ಇನ್ನೊಂದು ವರ್ಷಕ್ಕೆ ಹೆಸರು ಬರೆಸಿದಳು. ಇನ್ಸುಕ್ ಮಾತ್ರ ಹನ್ನೆರಡು ಪ್ರತಿ ತಂದು ಕಿಮ್ಚಿ ಡಬ್ಬಿಗಳ ಪಕ್ಕ ಜೋಡಿಸಿಟ್ಟು, ಬಂದವರಿಗೆಲ್ಲ “ನಮ್ಮನೆಯವರು ಬರೆದಿದ್ದು” ಎಂದಳು. ಹನ್ನೆರಡೂ ಖರ್ಚಾದವು. ಗಿರಾಕಿಗಳು ಹಸ್ತಾಕ್ಷರ ಕೇಳಿದರು. ಪಿಲ್‌ಸು ಅವರು ಖಾಲಿ ಗೆರೆಯ ಮೇಲೆ ತಮ್ಮ ಹೆಸರು ಬರೆದು ಸಹಿ ಹಾಕಿಕೊಟ್ಟರು.

‘ಭರ್ತಿ ಮಾಡಿದ ನಮೂನೆಯನ್ನು ತಕ್ಷಣ ಕಚೇರಿಗೆ ಕಳುಹಿಸತಕ್ಕದ್ದು’ ಎಂದು ಅಡಿಯಲ್ಲಿ ಅಚ್ಚಾಗಿತ್ತು. ಗುನ್ಸಾನಿನ ಜನ ನಿಯಮ ಮೀರುವವರಲ್ಲ, ಕಳಿಸಿದರು.

ಮುಂದಿನ ವಾರ ಪಿಲ್‌ಸು ಅವರ ಮನೆಗೆ ಹನ್ನೆರಡು ತಿರಸ್ಕಾರ ಪತ್ರಗಳು ಒಂದೇ ದಿನ ಬಂದವು. ಮೊದಲಾದರೆ ಇಷ್ಟಕ್ಕೆ ಹನ್ನೆರಡು ವರ್ಷ ಹಿಡಿಯುತ್ತಿತ್ತು. ಇನ್ಸುಕ್ ಕೈಯೊರೆಸಿಕೊಂಡು ಒಂದನ್ನು ಬೆಳಕಿಗೆ ಹಿಡಿದಳು.

“ನೋಡ್ರೀ, ಹೆಸರು! ಅಚ್ಚಲ್ಲಿ!”

ನೋಡಿದರು. ಹೌದು, ‘ಶ್ರೀ ತಕ್ ಪಿಲ್‌ಸು’ ಎಂದು ಸ್ಪಷ್ಟವಾಗಿ, ದಪ್ಪಕ್ಷರದಲ್ಲಿ, ಒಂದೂ ತಪ್ಪಿಲ್ಲದೆ ಅಚ್ಚಾಗಿತ್ತು. ಸಂಜೆ ಹನ್ನೆರಡು ಗಿರಾಕಿಗಳೂ ತಂತಮ್ಮ ಪ್ರತಿಯ ತಿರಸ್ಕಾರ ಪತ್ರ ಕೇಳಿಕೊಂಡು ಬಂದು ಅಂಗಡಿಯ ಮುಂದೆ ಸಾಲಾಗಿ ನಿಂತರು. ಪಿಲ್‌ಸು ಅವರು ಒಗೆದ ಅಂಗಿ ಹಾಕಿಕೊಂಡು ಬಂದು, ಕೂತು, ಒಂದೊಂದಕ್ಕೂ ಸಹಿ ಹಾಕಿಕೊಟ್ಟರು.