ಹುಲ್ಲು ಓದಿ ಬಂದ ಮಾವ

ನಮ್ಮ ಸೋದರಮಾವ ಹಡಗು ಹತ್ತಿ ಪರದೇಶಕ್ಕೆ ಹೋಗಿ ಹುಲ್ಲು ಓದಿ ಬಂದ. ತಪ್ಪು ತಿಳಿಯಬೇಡಿ, ಹುಲ್ಲು ತಿಂದು ಬಂದ ಎಂದು ನಾನು ಹೇಳಲಿಲ್ಲ. ಹಾಗೆ ಹೇಳಿದವರು ನಮ್ಮ ಅಜ್ಜ! ನಮ್ಮ ಕಡೆ ಸೋದರಮಾವನಿಗೇ ಹೆಣ್ಣು ಕೊಡುವ ರೂಢಿ ಬೇರೆ. ಪುಣ್ಯಕ್ಕೆ ನಾನಿನ್ನೂ ಲಂಗದ ಹುಡುಗಿ, ಪಾರಾದೆ.

ರಜಾಕಾರರ ಗದ್ದಲ ಅಡಗಿದ ಮರುವರ್ಷ ಅವನು ಮಸ್ಕಿಗೆ ಬಂದಿಳಿದ. ಬ್ಯಾರಿಸ್ಟರೋ ಡಾಕ್ಟರೋ ಆಗಿ ಬರುತ್ತಾನೆಂದು ಊರಿಗೆ ಊರೇ ನಮ್ಮ ಬಾಗಿಲಲ್ಲಿ ನೆರೆದಿತ್ತು.

"ಏನ ಕಲತ ಬಂದ್ಯೋ ತಮ್ಮಾ?" ಎಂದು ಅಜ್ಜ ಕೇಳಿದರು.

"ಯಾವ ಗಿಡದ ಮಗ್ಗಲಕ ಯಾವ ಗಿಡ ಬದುಕ್ತೈತಿ, ಯಾಕ ಬದುಕ್ತೈತಿ ಅಂತ ಕಲತೀನಪ್ಪ. ಮೊದಲ ಹಿಮದ ಗುಡ್ಡದಾಗ, ಆಮ್ಯಾಲ ಸಮುದ್ರದ ದಂಡ್ಯಾಗ."

ಯಾರ ಮನೆ ಪಕ್ಕ ಯಾರಿದ್ದಾರೆ ಎಂದು ತಿಳಿಯಲು ಅಷ್ಟು ದೂರ ಹೋಗಬೇಕೆ? ನಮ್ಮೂರ ಅಗಸಿ ಬಾಗಿಲ ಕಟ್ಟೆಯ ಮೇಲೆ ಕೂತಿದ್ದರೆ ಸಾಕಿತ್ತಲ್ಲ!

ಅವನ ಟ್ರಂಕಿನ ತುಂಬ ಕಾಗದದ ನಡುವೆ ಒಣಗಿಸಿಟ್ಟ ಗಿಡಗಳು. ಮಗ ಎಮ್ಮೆಗೆ ಮೇವು ತಂದಿದ್ದಾನೆ ಎಂದುಕೊಂಡ ಅಜ್ಜಿ ಎರಡು ಹಿಡಿ ಗೋದಲಿಗೆ ಹಾಕಿಯೇಬಿಟ್ಟಳು. ಬೇರೆಯವರಾಗಿದ್ದರೆ ಎದೆ ಬಡಿದುಕೊಳ್ಳುತ್ತಿದ್ದರು. ಮಾವ ಓಡಿ ಬಂದು ಕೇಳಿದ್ದು, "ಯವ್ವಾ, ಯಾವುದನ್ನ ಮೊದಲ ತಿಂತು?" ಎಮ್ಮೆ ಗುಡ್ಡದ್ದನ್ನು ಮೂಸಿ ಬಿಟ್ಟು ಸಮುದ್ರದ್ದನ್ನು ನೆಕ್ಕಿ ನೆಕ್ಕಿ ತಿಂದಿತ್ತು. "ಉಪ್ಪು ಐತಲ್ಲ ಅದರಾಗ! ಶಾಣ್ಯಾ ಎಮ್ಮಿ!" ಎಂದು ಅದರ ಬೆನ್ನು ಚಪ್ಪರಿಸಿದ.

ಲಿಂಗಸುಗೂರಿನಲ್ಲಿ ಮಾಸ್ತರಿಕೆ ಸಿಕ್ಕಿತು. ಶಾಲೆಗೆ ಸೂಟಿ ಬಂತೆಂದರೆ ಹೊಲ ಹೊಲ ತಿರುಗಾಟ. ಕೈಯಲ್ಲೊಂದು ಕಟ್ಟಿಗೆಯ ಚೌಕಟ್ಟು. ಕಣ್ಣು ಮುಚ್ಚಿ ಅದನ್ನು ಎಸೆಯುವುದು, ಬಿದ್ದಲ್ಲಿ ಅದರೊಳಗಿನ ಹುಲ್ಲನ್ನೆಲ್ಲ ಎಣಿಸುವುದು. ಸಾಲಗುಂದದಲ್ಲಿ ಒಂದು ಮುಂಜಾನೆ ಅದು ಹಾರಿ, ಚೆಂಬು ಹಿಡಿದು ಮರೆಯಲ್ಲಿ ಕೂತಿದ್ದ ಗೌಡರ ತಲೆಯ ಮೇಲಿಂದ ಇಳಿದು ಸುತ್ತ ಕೂತಿತು. ಗೌಡರು ಕೂಗಾಡುತ್ತಿದ್ದರೆ ಮಾವ ಕೈ ಮುಗಿದು, "ಅಳ್ಳಾಡಬ್ಯಾಡ್ರಿ ಗೌಡ್ರ, ಎಣಿಸಿಬಿಡ್ತೀನಿ!" ಎಂದನಂತೆ.

ಇಂಥವನಿಗೆ ಹೆಣ್ಣು ಕೊಡುವವರು ಯಾರು? ಅಜ್ಜಿಗೆ ಅದೇ ಕೊರಗು. ಕೊನೆಗೆ ಬಳಗಾನೂರಿನವರು ಕರೆದರು. "ನಮ್ಮ ಹುಡುಗಿ ಹೊಸ್ತಿಲಾ ದಾಟಿದಾಕಿ ಅಲ್ರಿ" ಎಂದು ಹುಡುಗಿಯ ಅಪ್ಪ ಹೊಗಳುತ್ತಿದ್ದಾಗಲೇ ಮಾವ ಆಕೆಯ ಮುಖ ಬಿಟ್ಟು ಸೀರೆಯ ಅಂಚಿಗೆ ಬಗ್ಗಿದ! ಅಂಟಿಕೊಂಡಿದ್ದ ಬೀಜಗಳನ್ನು ಕಿತ್ತು ಬೆಳಕಿಗೆ ಹಿಡಿದ.

"ಇದು ಹಳ್ಳದ ದಂಡಿದು. ಇದು ಮಸಾರಿ ಹೊಲದ್ದು. ಮುಂಜಾನಿಂದ ಭಾಳ ಅಡ್ಡಾಡ್ಯಾರ ಇವರು!"

ಅಪ್ಪನ ಮುಖ ಕಪ್ಪಿಟ್ಟಿತು. ಅಜ್ಜಿ ಕಣ್ಣು ಮುಚ್ಚಿಕೊಂಡಳು. ಹುಡುಗಿ ಮಾತ್ರ ಫಕ್ಕನೆ ನಕ್ಕಳು. "ಖರೇ ಹೇಳ್ಯಾರಪ್ಪಾ. ನೋಡಾಕ ಬರ್ತಾರಂತ ತಪ್ಪಿಸಿಕೊಂಡು ಹೋಗಿದ್ದೆ. ಈಗ ಒಪ್ಪೀನಿ."

ಹೀಗೆ ನಮಗೆ ಅತ್ತೆ ಸಿಕ್ಕಳು. ಒಬ್ಬ ಹುಚ್ಚ ಸಾಲದೆಂದು ಊರಿಗೆ ಜೋಡಿ ಸಿಕ್ಕಿತು!

ಸಿಂಧನೂರಿನ ಕಡೆ ಕಾಲುವೆ ಅಗಿಯುವ ಕೆಲಸ ನಡೆದಿತ್ತು. "ನೀರು ಬಂದ ಮ್ಯಾಲ ಈ ಹುಲ್ಲೆಲ್ಲ ಇರೂದಿಲ್ಲ, ಈಗ ನೋಡಿಕೋಬೇಕು" ಎಂದು ಮಾವ ಅಲ್ಲೇ ಬೀಡು ಬಿಟ್ಟ. ಒಂದು ಮಧ್ಯಾಹ್ನ ಹುಲ್ಲು ನೋಡುತ್ತ ಹಿಂದೆ ಹಿಂದೆ ಸರಿದು ಕಾಲುವೆಯ ತಗ್ಗಿಗೆ ಬಿದ್ದ. ಹಿಮದ ಗುಡ್ಡ ಹತ್ತಿಳಿದವನು ಸಪಾಟು ಎರೆ ನೆಲದಲ್ಲಿ ಬಿದ್ದನಲ್ಲ ಎಂದು ಊರು ನಕ್ಕಿತು. ನಾವೂ ನಕ್ಕೆವು. ಸೊಂಟ ಮುರಿದಿದೆ, ಇನ್ನು ಏಳುವುದಿಲ್ಲ ಎಂದು ತಿಳಿದ ಮೇಲೆ ನಗು ನಿಂತಿತು. ಮಾವನ ಮಾತೂ ನಿಂತಿತು. ಗೋಡೆಯ ಕಡೆ ಮುಖ ಮಾಡಿ ಮಲಗಿದವನು ಊಟಕ್ಕೂ ಇತ್ತ ತಿರುಗುತ್ತಿರಲಿಲ್ಲ. ಅವನನ್ನು ನೋಡಿದರೆ ನನಗೆ ಅಳುವೇ ಬರುತ್ತಿತ್ತು.

ಒಂದು ದಿನ ಒಳಗಿನಿಂದ ಅವನ ದನಿ ಕೇಳಿಸಿತು! ಓಡಿ ಹೋಗಿ ನೋಡಿದರೆ, ಅತ್ತೆ ಹಾಸಿಗೆಯ ಪಕ್ಕ ಕೂತು ಸೀರೆಯ ಅಂಚನ್ನು ಅವನ ಕೈಗೆ ಕೊಟ್ಟಿದ್ದಳು.

"ಇವತ್ತ ಎಲ್ಲಿಗಿ ಹೋಗಿದ್ದೆ, ಹೇಳ್ರಿ ನೋಡೂಣು?"

ಮಾವ ಬೀಜ ಕಿತ್ತು ಬೆಳಕಿಗೆ ಹಿಡಿದ. "ಉತ್ತರಾಣಿ... ಗುಡ್ಡದ ಹಿಂದ ಹೋಗಿದ್ದಿ. ಆಮ್ಯಾಲ ಹಳ್ಳಕ್ಕ ಇಳದೀ. ಹೌದಿಲ್ಲೋ?"

ಅಂದಿನಿಂದ ಅದೇ ರೂಢಿಯಾಯಿತು. ಮಾವ ಉಣ್ಣತೊಡಗಿದ, ನಗತೊಡಗಿದ.

ಒಂದು ಸಂಜೆ ಅತ್ತೆ ಬಳಗಾನೂರಿನ ಹಾದಿ ಹಿಡಿದು ದೂರ ಹೋಗಿ ಬೆವರಿ ಬಂದಳು. ಅಂಚಿನ ತುಂಬ ಬೀಜ, ಕಾಲಿನ ತುಂಬ ಗೀರು. ಪಾಪ ಎನಿಸಿ ನಾನು ಹೊಸ್ತಿಲಲ್ಲೇ ಬಗ್ಗಿ ಕೀಳಲು ಹೋದೆ. ಅತ್ತೆ ಸರಕ್ಕನೆ ಸೀರೆ ಎಳೆದುಕೊಂಡಳು.

"ಮುಟ್ಟಬ್ಯಾಡವ್ವಾ. ನಿಮ್ಮ ಮಾವ ಇನ್ನೂ ಅಡ್ಡಾಡಿ ಬಂದಿಲ್ಲ."